ಅನುಭವ: ನೂರಿಪ್ಪತ್ತು ಕುರಿ

ಅಪ್ಪ,

ನಿನಗೆ ಓದಕ್ಕೆ ಬರ್ತಿರಲಿಲ್ಲ, ಈಗ ನೀನೇ ಇಲ್ಲ. ಆದ್ರೂ ಹೇಳ್ತೀನಿ.

ಇವತ್ತು ಚಳ್ಳಕೆರೆ ಕಾಲೇಜಲ್ಲಿ ಇಂಟರ್ನ್‌ಶಿಪ್‌ಗೆ ರೆಸ್ಯೂಮೆ ಬರೆದೆ. ಮಾಡಿದ ಕೆಲಸನ ಅಂಕಿ ಸಮೇತ ಬರೀರಿ ಅಂದಿದ್ರು ಸಾರ್. ಅನುಭವದ ಕಾಲಂನಲ್ಲಿ ಹಾಕಿದೆ: "ನನ್ನಿವಾಳ ಗ್ರಾಮದಲ್ಲಿ ಆರು ವರ್ಷ ಅಪ್ಪನ ಜೊತೆ ನೂರಿಪ್ಪತ್ತು ಕುರಿ ಕಾಯ್ದಿದ್ದೇನೆ. ಒಂದೂ ಕಳೆದಿಲ್ಲ."

"ಇದನ್ನ ತೆಗಿ ಸ್ವಪ್ನ, ನಗ್ತಾರೆ" ಅಂದ್ರು.

"ನಗ್ಲಿ ಸಾರ್. ಕಂಪ್ಯೂಟರ್ ಕೋರ್ಸ್ ಮೂರೇ ವಾರದ್ದು, ಬೇಕಾದ್ರೆ ಅದನ್ನ ತೆಗೀತೀನಿ" ಅಂದೆ. ಹಂಗೇ ಕಳಿಸಿದೆ.

ಕಾಲೇಜಿಗೆ ಸೇರೋವಾಗ ಅರ್ಜೀಲಿ ತಂದೆಯ ಉದ್ಯೋಗ ಅನ್ನೋ ಕಡೆ ನಾನು 'ವ್ಯಾಪಾರ' ಅಂತ ಬರೆದಿದ್ದೆ. ಏನು ಬರೆದೆ ಅಂತ ನೀನು ಕೇಳ್ಲಿಲ್ಲ. ಅದರ ಕೆಳಗೆ ಹೆಬ್ಬೆಟ್ಟು ಒತ್ತಿ, ಮಸಿ ಪಂಚೆಗೆ ಒರೆಸಿಕೊಂಡು, ಕುರಿ ಹತ್ರ ಹೊಂಟೆ.