ಚಾರ್ಟಿನಲ್ಲಿ ಕಾಣದ ಮಾಸ್ತರ

ಮರ್ಫಿ ಟೌನ್, ಬೆಂಗಳೂರು
13 ಜುಲೈ 2025, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಜಟ್ಟೆಮ್ಮನ ನಮಸ್ಕಾರಗಳು. ಹೇಗಿದ್ದೀಯ? ಹೋದ ವಾರದ ಕೆಮ್ಮು ಕಡಿಮೆಯಾಯಿತೇ? ಸಮುದ್ರದ ಗಾಳಿಗೆ ಹೋಗುವಾಗ ತಲೆಗೆ ಏನಾದರೂ ಸುತ್ತಿಕೋ. ಲೆಕ್ಕದ ಮಾಸ್ತರನಾದವನಿಗೆ ಮಫ್ಲರ್ ಕಟ್ಟಲು ನಾಚಿಕೆ ಎಂದು ನನಗೆ ಗೊತ್ತು, ಆದರೂ ಕಟ್ಟಿಕೋ. ನಾನು ಆರಾಮಾಗಿದ್ದೇನೆ. ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ನೀನು ಫೋನಿನಲ್ಲಿ "ಮತ್ತೇನವಾ?" ಎಂದ ಕೂಡಲೇ ನನ್ನ ಮಾತು ನಿಂತುಬಿಡುತ್ತದೆ. ಪಕ್ಕದ ಮನೆಯ ಶಂಶುನ್ನೀಸಾ ಅಮ್ಮನ ಮಗ ನಯಾಜ್ ರಜೆ ಮುಗಿಸಿ ಇಂದು ಸಂಜೆ ಮಾಲ್ಡೀವ್ಸ್‌ನ ಹೋಟೆಲ್ ಕೆಲಸಕ್ಕೆ ಮರಳುತ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಈ ತಿಂಗಳ ಕೊನೆಗೆ ಅಲ್ಲಿನ ಶಾಲೆಗೆ ಇನ್ನೆರಡು ವರ್ಷಕ್ಕೆ ಸಹಿ ಹಾಕಬೇಕು, "ಏನ್ ಮಾಡ್ಲಿ, ನೀನೇ ಹೇಳು" ಎಂದು ಕೇಳಿದ್ದೆಯಲ್ಲ. ಆಗ ನಾನು ನಿನ್ನ ಕೆಮ್ಮಿನ ಮಾತು ತೆಗೆದೆ.

ಕಮ್ಮನಹಳ್ಳಿಯ ಶಾಲೆಯಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವ ಕೆಲಸ ನನಗೆ ಒಗ್ಗಿದೆ. ಯುಗಾದಿಗೆ ಲೆಕ್ಕದ ಸರ್ ಬಿಟ್ಟುಹೋದ ಮೇಲೆ ಹೈಸ್ಕೂಲಿನಲ್ಲಿ ಗಂಡು ಮಾಸ್ತರರೇ ಇಲ್ಲ, ಎಲ್ಲರೂ ಮಿಸ್‌ಗಳು. ಕಬಡ್ಡಿ ಪಂದ್ಯಕ್ಕೆ ಹುಡುಗರ ಜೊತೆ ಸರ್ ಒಬ್ಬರು ಹೋಗಲೇಬೇಕೆಂಬುದು ಶಾಲೆಯ ಪದ್ಧತಿ. ಯಾರೂ ಸಿಗದೆ ವಾಚ್‌ಮನ್ ದೊಡ್ಡಮುನಿಯಪ್ಪನಿಗೇ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕಳಿಸಿದರು. "ನಾನೇನಮ್ಮ ಕಲಿಸ್ಲಿ, ಗೇಟ್ ತೆಗೆಯೋದಾ?" ಎಂದು ಗೊಣಗುತ್ತಲೇ ಹೋದ. ಮೈದಾನದಲ್ಲಿ ಹುಡುಗರು ಅಭ್ಯಾಸಬಲದಿಂದ ಅವನನ್ನೂ "ಮಿಸ್, ಮಿಸ್" ಎಂದು ಕೂಗಿ ಮಾನ ಕಳೆದರಂತೆ. ಇದನ್ನು ನಿನಗೆ ಹೇಳಿ ನಗಬೇಕೆನಿಸಿತು. ಕೋಣೆಗೆ ಬಂದು ಒಬ್ಬಳೇ ನಕ್ಕೆ.

ಮೊನ್ನೆ ಸುಜಾತಾ ಮಿಸ್ ಒಂಬತ್ತನೇ ಕ್ಲಾಸಿನವರಿಂದ ಒಂದು ಚಾರ್ಟ್ ಬರೆಸಿದರು. ಎರಡು ದೇಶಗಳ ಹೈಸ್ಕೂಲುಗಳಲ್ಲಿ ಗಂಡು ಮಾಸ್ತರರು ಎಷ್ಟು ಜನ ಎಂದು ಗೆರೆ ಎಳೆದು ಹೋಲಿಸುವುದು. ಒಂದು ನಮ್ಮ ದೇಶ, ಇನ್ನೊಂದು ಯಾವುದೆಂದು ಹುಡುಗರು ಜಗಳವಾಡುತ್ತಿದ್ದರು. ಕಸಬರಿಗೆ ಹಿಡಿದು ನಿಂತಿದ್ದ ನಾನು ಹೇಗೆ ಬಾಯಿ ಬಿಟ್ಟೆನೋ, "ಮಾಲ್ಡೀವ್ಸ್ ತಗೋರಿ, ನಮ್ಮಣ್ಣ ಅಲ್ಲದಾನ" ಎಂದುಬಿಟ್ಟೆ. ನಮ್ಮ ದೇಶದ ಗೆರೆ ಕಾಗದದ ತುದಿ ಮುಟ್ಟಿತು. ನಿನ್ನ ಕಡೆಯ ಗೆರೆ ಎಷ್ಟು ಸಣ್ಣದೆಂದರೆ, ಅದನ್ನು ಎಳೆಯಲು ಪೆನ್ಸಿಲನ್ನು ಎರಡು ಸಲ ಚೂಪು ಮಾಡಬೇಕಾಯಿತು. "ಆಂಟಿ, ನಿಮ್ಮಣ್ಣ ಕಾಣಿಸ್ತಾನೇ ಇಲ್ಲ!" ಎಂದು ಓವೈಸ್ ಎಂಬ ಹುಡುಗ ಎಲ್ಲರನ್ನೂ ನಗಿಸಿದ. ಆಮೇಲೆ ಅವನೇ, "ಮಿಸ್, ಅವ್ರು ಇಂಡಿಯಾದವ್ರಲ್ವಾ, ಯಾವ ಕಡೆ ಸೇರಿಸ್ಬೇಕು?" ಎಂದು ಕೇಳಿದ. "ಎಲ್ಲಿ ಪಾಠ ಮಾಡ್ತಾರೋ ಅಲ್ಲೇ ಕಣೋ ಲೆಕ್ಕ" ಎಂದರು ಮಿಸ್.

ಅಣ್ಣಾ, ಆ ಮಾತು ನನಗೆ ಚುಚ್ಚಿತು. ರೇಷನ್ ಕಾರ್ಡಿನಲ್ಲಿ ನಿನ್ನ ಹೆಸರು ನನ್ನ ಹೆಸರಿನ ಮೇಲೆಯೇ ಇದೆ, ಆದರೆ ನೀನು ಅಲ್ಲಿಯ ಲೆಕ್ಕ. ಎಲ್ಲರೂ ಹೋದ ಮೇಲೆ ಆ ಎರಡು ಗೆರೆಗಳನ್ನು ನೋಡುತ್ತ ನಿಂತೆ. ನಮ್ಮದು ಅಷ್ಟು ಎತ್ತರ ಬೆಳೆದಿದ್ದರೂ ನಮ್ಮ ಶಾಲೆಗೆ ಒಬ್ಬನೂ ಇಲ್ಲ. ಒಬ್ಬ ಸೇರಿದರೂ ಬಿಟ್ಟರೂ ಆ ಗೆರೆಗೆ ತಿಳಿಯುವುದಿಲ್ಲ. ಅವ್ವ ಹೋದ ಮೇಲೆ ನಾವಿಬ್ಬರೇ ಉಳಿದದ್ದು. ಇಲ್ಲಿ ಒಬ್ಬ ಕಡಿಮೆಯಾದರೆ ಅರ್ಧ ಮನೆಯೇ ಕಡಿಮೆ. ಭಾನುವಾರ ಹಲಸೂರಿನ ಸಂತೆಬೀದಿಗೆ ಹೋಗಿ ಬರುತ್ತೇನೆ, ಬೆಲೆ ಕೇಳುವುದನ್ನು ಬಿಟ್ಟರೆ ದಿನವೆಲ್ಲ ಬೇರೆ ಮಾತಿರುವುದಿಲ್ಲ.

ನೀನು ಓದಿದವನು, ನಿನಗೆ ಸರಿ ಕಂಡದ್ದನ್ನು ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಗಿರುವ ಮಾಸ್ತರರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಜಟ್ಟೆಮ್ಮ

ಮರೆತೆ: ನಯಾಜ್‌ನ ಆಟೋ ಬಾಗಿಲಿಗೆ ಬಂದಿದೆ, ಬೇಗ ಬರೆಯುತ್ತಿದ್ದೇನೆ. ಶುಕ್ರವಾರ ಹೆಡ್ ಮಿಸ್ ಮಾರಿಯಾ ಮೇಡಂ, "ಯಾರಾದ್ರೂ ಲೆಕ್ಕದ ಮೇಷ್ಟ್ರು ಗೊತ್ತಿದ್ರೆ ಹೇಳ್ರಮ್ಮ" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು. ಟೀ ಕೊಡುತ್ತಿದ್ದ ನಾನು, ಎಲ್ಲರ ಎದುರೇ, ನಮ್ಮಣ್ಣ ಲಕ್ಷ್ಮಿಕಾಂತ ಆಗಸ್ಟಿಗೆ ಬರುತ್ತಾನೆ ಎಂದು ಹೇಳಿಬಿಟ್ಟೆ. ಸಂಬಳ ಅಲ್ಲಿಯದರ ಅರ್ಧವೂ ಇಲ್ಲ, ಅದನ್ನೂ ಕೇಳಿಕೊಂಡೆ. ಸಹಿ ಹಾಕಬೇಡ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಮನೆಗೆ ಬಂದು ಬೈ.