ಮಗನ ಮೇಲೆ ಹೇಳಿದ ಸಾಕ್ಷಿ

ಹಳೇನಗರ, ಭದ್ರಾವತಿ
೧೪-೮-೧೯೯೮

ಚಿರಂಜೀವಿ ಜ್ಞಾನೇಶನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಶಿವಮೊಗ್ಗದಲ್ಲಿ ಮಾವನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೇ? ಹುಳಿ ಜಾಸ್ತಿಯಾದರೆ ನಿನಗೆ ಹೊಟ್ಟೆಯುರಿ ಬರುತ್ತದೆಂದು ನಿನ್ನ ಅತ್ತೆಗೆ ಗೊತ್ತಿಲ್ಲ, ಸಂಕೋಚ ಬಿಟ್ಟು ಹೇಳು. ನನಗೆ ಮೊಣಕಾಲು ಊದಿದೆ, ಬೇರೇನಿಲ್ಲ. ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲಲ್ಲಿ ನೀನು ನನ್ನ ಪಕ್ಕದಲ್ಲೇ ಇಳಿದು ಹೋದೆ, ತಿರುಗಿ ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಸಂಜೆ ನೀನು ಕಾರು ನಿಲ್ಲಿಸಿ ನೇರ ಅಡುಗೆಮನೆಗೆ ಬಂದೆ. "ಅಮ್ಮಾ, ಮಲವಗೊಪ್ಪದ ಹತ್ರ ಒಬ್ಬನ ಸೈಕಲ್‌ಗೆ ಗುದ್ದಿಬಿಟ್ಟೆ. ಬದುಕಿದ್ದ, ಕೈ ಎತ್ತಿದ. ನಾನು ನಿಲ್ಲಿಸ್ಲಿಲ್ಲ" ಅಂದೆ. ವಾಪಸ್ ಹೋಗೋಣ ನಡಿ ಎಂದರೆ ಕೋಣೆಯ ಬಾಗಿಲು ಹಾಕಿಕೊಂಡೆ. ನಾನೊಬ್ಬಳೇ ಆಟೋ ಹಿಡಿದು ಹೋದೆ. ಅಷ್ಟರಲ್ಲಿ ಅವನ ಮುಖ ಮುಚ್ಚಿ ಯಾರೋ ಟವೆಲ್ ಹೊದಿಸಿದ್ದರು. ಗಾರೆ ಕೆಲಸದ ಜಯಪ್ಪ ಎಂದು ಅಲ್ಲೇ ತಿಳಿಯಿತು. ಅವನ ಹೆಂಡತಿ ಮಾಸ್ತಮ್ಮ ಯಾರು ಗುದ್ದಿದ್ದೆಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ನನ್ನನ್ನೂ ಕೇಳಿದಳು. ಹೇಳಿದೆ. ಪೊಲೀಸರಿಗೂ ಅದನ್ನೇ ಹೇಳಿದೆ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೆಂಬುದು ನನಗೆ ಮರೆತಿರಲಿಲ್ಲ ಕಣೋ. ಅವಳ ಮುಖ ನೋಡಿಕೊಂಡು ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ.

ಗುದ್ದಿದಾಗ ಒಡೆದ ಕಾರಿನ ಲೈಟು ರಿಪೇರಿ ಮಾಡಿದ ಗ್ಯಾರೇಜಿನವನು ಕೋರ್ಟಿನಲ್ಲಿ ಏನೂ ನೆನಪಿಲ್ಲ ಅಂದುಬಿಟ್ಟ. ಉಳಿದದ್ದು ನನ್ನ ಮಾತೊಂದೇ. ನಿನ್ನ ವಕೀಲರು ನನ್ನನ್ನು ಕೇಳಿದರು, "ಮನೇನ ಮಗಳು ರಶ್ಮಿ ಹೆಸರಿಗೆ ಮಾಡಿದ್ದು ನಿಜ ತಾನೇ?" ನಿಜ ಅಂದೆ. "ಅದಕ್ಕೆ ಮಗ ಜಗಳ ಮಾಡಿದ್ದು?" ಅದೂ ನಿಜ ಅಂದೆ. "ಆ ಸಿಟ್ಟಿಗೆ ಅವರನ್ನ ಜೈಲಿಗೆ ಕಳಿಸೋಕೆ ಬಂದಿದ್ದೀರಿ, ಅಲ್ವಾ?" ಅಲ್ಲ ಅಂದೆ. ನ್ಯಾಯಾಧೀಶರು ಮೊದಲ ಎರಡು ಉತ್ತರ ನಂಬಿದರು, ಮೂರನೆಯದನ್ನು ನಂಬಲಿಲ್ಲ. ಸಾಕ್ಷಿಗೆ ಮಗನ ಮೇಲೆ ದ್ವೇಷವಿದೆ, ಆಕೆಯ ಮಾತು ನಂಬಿಕೆಗೆ ಯೋಗ್ಯವಲ್ಲ ಎಂದು ತೀರ್ಪು ಓದಿ ನಿನ್ನನ್ನು ಬಿಟ್ಟರು. ನ್ಯಾಯಾಧೀಶರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಬರೀ ಒಬ್ಬಳ ಬಾಯಿಮಾತಿನ ಮೇಲೆ ಯಾರನ್ನೂ ಜೈಲಿಗೆ ಹಾಕಬಾರದೆಂಬುದೂ ಸರಿಯೇ ಇರಬೇಕು. ಆದರೆ ನಿಜ ಹೇಳಿದರೆ ಮಗನೊಬ್ಬ ಹೋಗುತ್ತಾನೆ ಎಂದುಕೊಂಡಿದ್ದೆ. ಈಗ ಮಗನೂ ಹೋದ, ನಿಜವೂ ಹೋಯಿತು.

ಎಲ್ಲಿದ್ದರೂ ನೆಮ್ಮದಿಯಾಗಿರು. ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಮ್ಮ,
ಸುಭದ್ರಮ್ಮ

ಮರೆತ ಮಾತು: ನಿನ್ನೆ ಮಾಸ್ತಮ್ಮ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ. "ಕೋರ್ಟ್‌ನೋರೇ ಹೇಳಿದ್ರಲ್ಲಮ್ಮ, ನಿಮ್ಮ ಸಾಕ್ಷಿ ಸುಳ್ಳು ಅಂತ. ನಿಮ್ಮನೆ ಜಗಳಕ್ಕೆ ನಮ್ಮ ಯಜಮಾನ್ರ ಸಾವು ಬೇಕಿತ್ತಾ?" ಎಂದು ಕೇಳಿ ಹೋದಳು. ಒಮ್ಮೆ ಬಿಟ್ಟವರನ್ನು ಅದೇ ಕೇಸಿನಲ್ಲಿ ಮತ್ತೆ ಹಿಡಿಯುವುದಿಲ್ಲವಂತೆ. ಯಾವತ್ತಾದರೂ ಬಂದು ಗುದ್ದಿದ್ದು ನಾನೇ ಎಂದು ಅವಳಿಗೊಂದು ಮಾತು ಹೇಳು. ನೀನು ಬರುವುದಿಲ್ಲವೆಂದು ಗೊತ್ತು.