ಗೇಟಿನ ಹೊರೆಗಲ್ಲು

ಮಧುಗಿರಿ
೧೪-೧೧-೨೦೨೫, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕೊಪ್ಪಳದ ಬಿಸಿಲಿಗೆ ನೋವು ಕಡಿಮೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ನಿಜವಾಗಿ ಕಡಿಮೆಯೋ ನನ್ನ ಸಮಾಧಾನಕ್ಕೆ ಹೇಳಿದ್ದೋ ಗೊತ್ತಾಗಲಿಲ್ಲ. ಮಧುಶ್ರೀಯ ಕಾಲಿನ ಬಾವು ಇಳಿದಿದೆಯಾ? ಉಪ್ಪು ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರೂ ಅವಳು ನಿನ್ನ ಕಣ್ಣು ತಪ್ಪಿಸಿ ಉಪ್ಪಿನಕಾಯಿ ನೆಕ್ಕುತ್ತಿರುತ್ತಾಳೆ, ಇಲ್ಲಿಂದಲೇ ಬರೆದುಕೊಡುತ್ತೇನೆ. ಚೊಚ್ಚಲ ಹೆರಿಗೆಗೆ ತಂಗಿ ತವರಿಗೆ ಬರಬೇಕಾಗಿತ್ತು, ಬಿ.ಪಿ. ಏರಿದೆ, ಪ್ರಯಾಣ ಬೇಡ ಎಂದದ್ದಕ್ಕೆ ತವರೇ ಎದ್ದು ಅವಳ ಬಳಿಗೆ ಹೋಯಿತು. ಅಲ್ಲಿ ಅಳಿಯ ರೇವಂತ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದು ಕೇಳಿ ಸಂತೋಷ. ಇಲ್ಲಿ ನಾನು, ಶ್ರೀಲತಾ ಕ್ಷೇಮ. ನೀನಿಲ್ಲದೆ ನಿನ್ನ ಸೊಸೆಯ ಸಾರಿಗೆ ಹುಳಿ ಹೆಚ್ಚಾಗುತ್ತಿದೆ, ಹೇಳಿದರೆ ಮುಖ ಊದಿಸುತ್ತಾಳೆ.

ಫೋನಿರುವಾಗ ಇವನೇಕೆ ಕಾಗದ ಬರೆದ ಎಂದು ಗಾಬರಿಯಾಗಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲೇ ಮಧು ಮಲಗಿರುತ್ತಾಳೆ. ಈ ಸುದ್ದಿ ಅವಳ ಕಿವಿಗೆ ಬೀಳಬಾರದು. ರೇವಂತನ ಸ್ಕೂಲಿನ ಲಕ್ಷ್ಮೀಪತಿ ಮೇಷ್ಟ್ರು ಬಡವನಹಳ್ಳಿಗೆ ಬಂದವರು ನಾಳೆ ವಾಪಸು ಹೊರಟಿದ್ದಾರೆ. ಅವರ ಕೈಯಲ್ಲಿ ಹುರಿಹಿಟ್ಟಿನ ಡಬ್ಬಿ ಕಳಿಸುತ್ತಿದ್ದೇನೆ, ಅದರ ತಳದಲ್ಲಿ ಈ ಕಾಗದ. ಯಾರು ಕೊಟ್ಟ ಹಿಟ್ಟನ್ನೇ ಆಗಲಿ ಮೊರಕ್ಕೆ ಸುರಿದು ನೋಡದೆ ಒಳಗಿಡುವವಳಲ್ಲ ನೀನು, ಆ ಧೈರ್ಯದ ಮೇಲೆ ಇಟ್ಟಿದ್ದೇನೆ. ಸಿಕ್ಕ ಕೂಡಲೇ ಹಿತ್ತಲಿಗೆ ಹೋಗಿ ಒಬ್ಬಳೇ ಓದು.

ಗೌರಿ ಹಬ್ಬ ಮುಗಿಸಿ ನೀನು ಹೊರಟ ದಿನ ನೆನಪಿದೆಯಲ್ಲ. ಮಧುಗಿರಿಯಿಂದ ಪಾವಗಡದ ಬಸ್ಸು ಹತ್ತಿದವಳು, ಮಿಡಿಗೇಶಿ ದಾರಿಯಲ್ಲಿ ನಮ್ಮೂರಿಗೆ ತಿರುಗುವ ಗೇಟು ಬಂದ ಕೂಡಲೇ ಲಗೇಜು ಸಮೇತ ನನ್ನನ್ನೂ ಇಳಿಸಿದೆ. ಅಪ್ಪ ಅಕ್ಕನ ನೆನಪಿಗೆ ನೆಟ್ಟ ಹೊರೆಗಲ್ಲಿಗೆ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಎರಡೂ ಕೈ ಅದರ ಮೇಲೆ ಊರಿ ನಿಂತು ಹೇಳಿದೆ: “ಮಧು ಸುಸೂತ್ರವಾಗಿ ಹೆತ್ರೆ, ಬರೋವಾಗ ಕೂಸ್ನ ಮೊದ್ಲು ಈ ಕಲ್ ಮೇಲೆ ಮಲಗ್ಸಿ ಎತ್ಕತೀನಿ ಕಣಮ್ಮ, ಆಮೇಲೇ ಮನೆ.” ನೀನು ಮಾತಾಡುತ್ತಿದ್ದದ್ದು ಅಕ್ಕನ ಜೊತೆ. ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: “ಅಮಾಸೆ ಅಮಾಸೆಗೆ ಎಣ್ಣೆ ಹಚ್ಚೋದ್ ಮರ್ತ್‌ಬುಟ್ಟೀಯ ಕಣ್ಲಾ.” ಮರೆಯುವುದಿಲ್ಲ ಎಂದೆ. ಪಿತೃಪಕ್ಷದ ಅಮಾವಾಸ್ಯೆಗೆ ನೀನು ಫೋನು ಮಾಡಿ ಕೇಳಿದಾಗ ಹೋಗಿ ಬಂದೆ ಎಂದೂ ಹೇಳಿದೆ. ಅದು ಸುಳ್ಳು ಅಮ್ಮಾ. ಆ ದಿನ ನಾನು ಹೋಗಿರಲಿಲ್ಲ.

ಅಂಗಡಿಯಲ್ಲಿ ಅಷ್ಟು ಕೆಲಸ. ಚುನಾವಣೆ ಬಂದೇಬಿಡುತ್ತದೆ ಎಂಬ ಗಾಳಿಸುದ್ದಿ ಬಿದ್ದರೆ ಸಾಕು, ನಮ್ಮಂಥ ಅಕ್ಷರ ಕೆತ್ತುವವರಿಗೆ ಉಣ್ಣಲೂ ಪುರುಸೊತ್ತಿರುವುದಿಲ್ಲ. ನೀತಿ ಸಂಹಿತೆ ಬರುವುದರೊಳಗೆ ಎಲ್ಲದಕ್ಕೂ ಯಾರದಾದರೂ ಹೆಸರು ಇಟ್ಟು ಮುಗಿಸಬೇಕು. ಎರಡು ತಿಂಗಳಲ್ಲಿ ಹನ್ನೊಂದು ನಾಮಫಲಕ ಕೆತ್ತಿದ್ದೇನೆ. ನೀರಿನ ಘಟಕಕ್ಕೆ ಒಬ್ಬರು, ಸಮುದಾಯ ಭವನಕ್ಕೆ ಒಬ್ಬರು, ಅರ್ಧ ಕಿಲೋಮೀಟರಿನ ಸಿಮೆಂಟು ರಸ್ತೆಗೆ ಇನ್ನೊಬ್ಬರು. ಒಂದು ಊರಿನಲ್ಲಿ ಸಾರ್ವಜನಿಕ ಶೌಚಾಲಯಕ್ಕೂ ನಾಯಕರ ಹೆಸರು ಬೇಕೆಂದಾಗ, ಎರಡು ಪಕ್ಷದವರೂ ಬಹಳ ಉದಾರವಾಗಿ ಆಚೆ ಪಕ್ಷದ ನಾಯಕರ ಹೆಸರು ಸೂಚಿಸಿದರಂತೆ. ಇದನ್ನು ಕೇಳಿ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ದೀಪಾವಳಿ ಅಮಾವಾಸ್ಯೆಯ ದಿನ ಎಣ್ಣೆ ಸೀಸೆ, ಅರಿಶಿನದ ಪೊಟ್ಟಣ ಹಿಡಿದು ಗೇಟಿಗೆ ಹೋದೆ. ಅಕ್ಕನ ಕಲ್ಲಿದ್ದ ಜಾಗದಲ್ಲಿ ಬಸ್ ತಂಗುದಾಣ ನಿಂತಿತ್ತು. ಹೊಸ ಬಣ್ಣ, ಮಾಡಿನ ಮೇಲೆ ಮಾಜಿ ಮಂತ್ರಿಗಳ ದೊಡ್ಡ ಪಟ. ಯಾವ ಮಂತ್ರಿ ಎಂದು ಬರೆಯುವುದಿಲ್ಲ, ಈ ಕಾಗದ ಯಾರ ಕೈಗಾದರೂ ಸಿಕ್ಕರೆ ಅದಕ್ಕೂ ಒಂದು ಗಲಾಟೆ. ನೆಟ್ಟಿದ್ದ ಎರಡು ಕಂಬಗಲ್ಲುಗಳು ಮಲಗಿ ಮೆಟ್ಟಿಲಾಗಿದ್ದವು. ಮೇಲಿನ ಚಪ್ಪಡಿ ಎಲ್ಲೂ ಕಾಣಲಿಲ್ಲ. ಟೀ ಅಂಗಡಿ ಸಣ್ಣರಂಗಯ್ಯನನ್ನು ಕೇಳಿದೆ. ಅವನು ಲೋಟ ತೊಳೆಯುತ್ತ ತಲೆ ಎತ್ತದೆ, “ಎದುರ್ಗೇ ನಿಂತೈತಲ್ಲಪ್ಪ, ಓದ್ಕೋ” ಎಂದ. ತಂಗುದಾಣದ ಮುಂದೆ ಕಾಂಕ್ರೀಟಿನಲ್ಲಿ ಹೂತು, ಬಂಗಾರದ ಬಣ್ಣದ ಅಕ್ಷರ ಹೊತ್ತು ನಿಂತಿದ್ದ ನಾಮಫಲಕವೇ ನಮ್ಮ ಚಪ್ಪಡಿ. ಕಂಟ್ರಾಕ್ಟರು ಹೊಸ ಕಲ್ಲಿನ ಖರ್ಚು ಉಳಿಸಲು ಇದನ್ನೇ ಎತ್ತಿಸಿ ಪಾಲಿಶ್ ಮಾಡಿಸಿದ್ದಾನೆ. ಹಿಂದೆ ಹೋಗಿ ನೋಡಿದೆ. ನಮ್ಮ ಅಪ್ಪ ಉಳಿಯಿಂದ ಒಡೆದ ಗುರುತು ಹಾಗೇ ಇತ್ತು, ಒಂದು ಅಂಚಿನಲ್ಲಿ ನಿನ್ನ ಅರಿಶಿನದ ಕಲೆಯೂ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ ಅಮ್ಮಾ. ಬಸ್ಸಿಗೆ ಕಾಯುತ್ತಿದ್ದವರು ನನ್ನನ್ನು ಮಾಜಿ ಮಂತ್ರಿಗಳ ಅಭಿಮಾನಿ ಎಂದುಕೊಂಡಿರಬೇಕು.

ಅಂದಿನಿಂದ ಅಲೆಯುತ್ತಿದ್ದೇನೆ. ಮೂರು ಅರ್ಜಿ ಬರೆದಿದ್ದೇನೆ, ನಮ್ಮ ಮನೆಯ ಕಥೆ ಈಗ ಬಾಯಿಪಾಠ. ‘ನನ್ನ ಅಕ್ಕ ವನಜಾಕ್ಷಿ, ಎಂಟು ತಿಂಗಳ ಬಸುರಿ, ಹತ್ತೊಂಬತ್ತು ವರ್ಷಗಳ ಹಿಂದೆ ಸದರಿ ಗೇಟಿನಲ್ಲಿ ಬಸ್ಸಿಗಾಗಿ ಕಾಯುತ್ತಿರುವಾಗ ರಕ್ತಸ್ರಾವವಾಗಿ ತೀರಿಕೊಂಡಿರುತ್ತಾಳೆ’ ಎಂದು ಶುರು. ಸದರಿ ಗೇಟಿನಲ್ಲಿ ಆಗ ನೆರಳಿಗೆ ಒಂದು ಗಿಡವೂ ಇರಲಿಲ್ಲ, ನಿನ್ನ ಸೆರಗೇ ನೆರಳಾಗಿತ್ತು ಎಂಬುದನ್ನು ಅರ್ಜಿಯಲ್ಲಿ ಬರೆಯಲು ಬರುವುದಿಲ್ಲ. ಹೊಟ್ಟೆಯ ಭಾರ ಇಳಿಸದೆ ಹೋದ ಹೆಣ್ಣಿಗೆ, ದಾರಿಹೋಕರು ತಲೆಯ ಭಾರ ಇಳಿಸುವ ಕಲ್ಲು ಹಾಕಿಸಬೇಕು, ಆಗಲೇ ಅವಳಿಗೂ ಹಗುರ ಎಂದು ಅಜ್ಜಿ ಹೇಳಿದ್ದಳು. ಆ ಹೊತ್ತಿಗಾಗಲೇ ಯಾರೂ ಹೊರೆಗಲ್ಲು ಹಾಕಿಸುತ್ತಿರಲಿಲ್ಲ. ಅಪ್ಪ ಹಟ ಹಿಡಿದು ಎರಡು ಕಂಬ ನೆಟ್ಟು ಎದೆಯೆತ್ತರಕ್ಕೆ ಚಪ್ಪಡಿ ಕೂರಿಸಿದ. ನಾನಾಗ ಹದಿನೇಳರವನು, ಹೊಸದಾಗಿ ಉಳಿ ಹಿಡಿದವನು. ಅಕ್ಕನ ಹೆಸರು ಕೆತ್ತುತ್ತೇನೆ ಎಂದಾಗ ಅಪ್ಪ ಒಪ್ಪಲಿಲ್ಲ. “ಬ್ಯಾಡ ಕಣ್ಲಾ. ಹೊರೆ ಇಳ್ಸಿದೋರು ಉಸ್ಸಪ್ಪಾ ಅಂತಾರಲ್ಲ, ಅಷ್ಟೇ ಸಾಕು ಅವ್ಳಿಗೆ” ಎಂದಿದ್ದ.

ಪಂಚಾಯಿತಿಯಲ್ಲಿ ಅಧ್ಯಕ್ಷೆ ಇದ್ದರೂ ಮಾತಾಡುವವನು ಅವಳ ಗಂಡ ಸಿದ್ದಗಂಗಯ್ಯ. ಅವನು ನನ್ನ ಅರ್ಜಿ ಓದಿ, “ಅಲ್ಲಯ್ಯಾ ಚಂದ್ರು, ನಿಮ್ಮಕ್ಕನ ಕಲ್ಲು ಅನ್ನೋಕೆ ಅದ್ರ ಮೇಲೆ ಹೆಸ್ರೆಲ್ಲಿತ್ತು? ಹೆಸ್ರಿಲ್ಲದ್ ಕಲ್ಲು ಸರ್ಕಾರದ್ದು” ಎಂದ. ಹೆಸರಿಟ್ಟ ಮೇಲೆ ಯಾರದ್ದು ಎಂದು ಕೇಳಬೇಕೆನಿಸಿತು. ಕೊನೆಗೆ ಅವನೇ ಮೆತ್ತಗಾದ. ನಾನು ನನ್ನ ಕೈಯಿಂದಲೇ ಒಳ್ಳೆಯ ಕರಿಕಲ್ಲು ತಂದು ಅದೇ ಹೆಸರು ಇನ್ನೂ ದೊಡ್ಡದಾಗಿ ಕೆತ್ತಿಕೊಡುವುದು, ಅಲ್ಲಿರುವುದನ್ನು ಬಿಚ್ಚಿ ನಮಗೆ ಕೊಡುವುದು, ಮುಂದಿನ ಭಾನುವಾರ ಕೆಲಸ ಎಂದು ಮಾತಾಯಿತು. ಅವತ್ತು ನಾನು ನಿನಗೆ ಫೋನು ಮಾಡಿ ಸುಮ್ಮಸುಮ್ಮನೆ ನಕ್ಕಿದ್ದೆ, ನೀನು “ಏನ್ಲಾ ಇವತ್ತು ಇಷ್ಟ್ ಖುಷಿ” ಎಂದು ಕೇಳಿದ್ದೆ. ಇದೇ ಕಾರಣ.

ಭಾನುವಾರ ಬರಲಿಲ್ಲ ಅಮ್ಮಾ. ಶುಕ್ರವಾರವೇ ಆಚೆ ಪಕ್ಷದವರು ಬಂದು ಹೆಸರಿನ ಮೇಲೆ ಟಾರು ಬಳಿದರು. ತಂಗುದಾಣದ ಅನುದಾನ ತಂದದ್ದು ತಮ್ಮ ನಾಯಕರಂತೆ, ಹೆಸರು ಅವರದ್ದೇ ಇರಬೇಕಂತೆ. ಈಚೆಯವರು ನಾಯಕರಿಗೆ ಅವಮಾನ ಎಂದು ರಸ್ತೆಗೆ ಟೈರು ಹಾಕಿ ಕೂತರು. ಪಾವಗಡದ ಬಸ್ಸುಗಳು ಎರಡು ಗಂಟೆ ನಿಂತವು. ಶಾಂತಿಸಭೆ ನಡೆಯಿತು, ಮುಂದಿನ ತೀರ್ಮಾನದವರೆಗೆ ಆ ಕಲ್ಲನ್ನು ಯಾರೂ ಮುಟ್ಟಬಾರದು ಎಂದು ಆದೇಶವಾಯಿತು. ಈಗ ಇಬ್ಬರು ಹೋಮ್‌ಗಾರ್ಡುಗಳು ತಂಗುದಾಣದ ಬೆಂಚಿನ ಮೇಲೆ ಕಾವಲಿದ್ದಾರೆ, ಬಸ್ಸಿಗೆ ಕಾಯುವವರು ಹೊರಗೆ ಬಿಸಿಲಿನಲ್ಲಿ ನಿಂತಿದ್ದಾರೆ. ಶಾಂತಿಸಭೆ ನಡೆಸಿದ ಅಧಿಕಾರಿ ಒಳ್ಳೆಯವರು, ನನ್ನನ್ನು ಕೂರಿಸಿ ಪೂರ್ತಿ ಕೇಳಿದರು, ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು ಕೂಡ. ಆಮೇಲೆ, “ನಿಮ್ ನೋವು ಅರ್ಥ ಆಗುತ್ತೆ. ಆದ್ರೆ ಈಗ ಅದು ಬರೀ ಕಲ್ಲಲ್ಲ, ಲಾ ಅಂಡ್ ಆರ್ಡರ್” ಎಂದರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಎಲ್ಲರೂ ನನಗೆ ಕುರ್ಚಿ ಕೊಡುತ್ತಾರೆ, ಟೀ ಕೊಡುತ್ತಾರೆ, ಕಲ್ಲು ಮಾತ್ರ ಕೊಡುವುದಿಲ್ಲ.

ಇಷ್ಟು ಸಾಲದು ಎಂಬಂತೆ ಮೊನ್ನೆ ಆಚೆ ಪಕ್ಷದ ನಾಲ್ಕು ಜನ ಅಂಗಡಿಗೆ ಬಂದರು. ಅಕ್ಕನ ವಿಷಯ ಅವರಿಗೆ ಹೇಗೋ ತಿಳಿದಿದೆ. ತಂಗುದಾಣಕ್ಕೆ ಅಕ್ಕನ ಹೆಸರೇ ಇಡಬೇಕೆಂದು ಹೋರಾಟ ಸಮಿತಿ ಮಾಡುತ್ತಾರಂತೆ, ಫ್ಲೆಕ್ಸಿಗೆ ಅವಳ ಫೋಟೋ ಬೇಕಂತೆ. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿ ಮಾದರಿ ತೋರಿಸಿದರು. ಮೇಲೆ ಅವರ ನಾಯಕರು ಕೈ ಮುಗಿದು ನಿಂತಿದ್ದಾರೆ, ಸುತ್ತ ಹದಿನಾರು ಜನ ಮರಿ ನಾಯಕರ ದುಂಡು ಮುಖಗಳು, ಕೆಳಗೆ ಮೂಲೆಯಲ್ಲಿ ಅಕ್ಕನಿಗೆಂದು ಬಿಟ್ಟ ಖಾಲಿ ಜಾಗ. ಶ್ರೀಲತಾ ಒಳಗಿನಿಂದ ಬಂದು, “ನಮ್ಮತ್ರ ಫೋಟೋ ಇಲ್ಲ, ಹೋಗಿ” ಎಂದುಬಿಟ್ಟಳು. ಅವಳ ಸಾರಿನ ಹುಳಿಯ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಬೇಕೆನಿಸಿದೆ. ಅಕ್ಕನ ಫೋಟೋ ಈಗ ನಿನ್ನ ಟ್ರಂಕಿನಲ್ಲಿ, ನಿನ್ನ ಮದುವೆ ಸೀರೆಯ ಮಡಿಕೆಯಲ್ಲಿದೆ.

ನಿನ್ನೆಯೂ ಗೇಟಿಗೆ ಹೋಗಿದ್ದೆ. ಕನಕಾಂಬರದ ಬುಟ್ಟಿ ಹೊತ್ತು ಬರುವ ಅಶ್ವತ್ಥಮ್ಮ ಅಭ್ಯಾಸದ ಮೇಲೆ ನೇರ ಹಳೆಯ ಜಾಗಕ್ಕೆ ಬಂದು, ಬುಟ್ಟಿ ಇಳಿಸಲು ಏನೂ ಸಿಗದೆ ತಡವರಿಸಿದಳು. ನಾನು ಕೈ ಕೊಟ್ಟೆ. “ಮೊದ್ಲು ಒಬ್ಳೇ ಇಳಿಸ್ಕತಿದ್ದೆ ಕಣಪ್ಪ, ಈಗ ಹೊರೋಕೂ ಇಳ್ಸೋಕೂ ಇನ್ನೊಬ್ರು ಬೇಕು” ಎಂದಳು. ಉಸ್ಸಪ್ಪಾ ಎನ್ನಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಗೇಟಿನಲ್ಲಿ ಅವಳು ಬುಟ್ಟಿ ಇಳಿಸಿ ಆ ಮಾತು ಆಡದೆ ಇದ್ದದ್ದನ್ನು ನಾನು ಕಂಡದ್ದು ಇದೇ ಮೊದಲು.

ಮಧುವಿಗೆ ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಮೂರು ವಾರ ಉಳಿದಿದೆ. ಅಷ್ಟರಲ್ಲಿ ಏನೂ ಆಗುವುದಿಲ್ಲ, ನನಗೆ ಗೊತ್ತು. ಆ ಕಲ್ಲು ನೆಟ್ಟಗೆ ನಿಂತಿದೆ, ಅದರ ಮೇಲೆ ಕೂಸನ್ನು ಮಲಗಿಸಲು ಆಗುವುದಿಲ್ಲ. ಬೇರೆ ಕಲ್ಲು ಹಾಕಿಸೋಣ ಎಂದರೆ ನೀನು ಒಪ್ಪುವವಳಲ್ಲ, ಒಪ್ಪು ಎಂದು ಕೇಳುವ ಮುಖವೂ ನನಗಿಲ್ಲ. ಬಾಣಂತನ ಮುಗಿಸಿ ಬರುವಾಗ ಪಾವಗಡದ ಮೇಲೆ ಬರಬೇಡ ಅಮ್ಮಾ. ಚಿತ್ರದುರ್ಗ, ಹಿರಿಯೂರು ದಾಟಿ ಶಿರಾಕ್ಕೆ ಬಂದು ಇಳಿ. ನಾನು ಅಲ್ಲಿಗೇ ಕಾರು ತರುತ್ತೇನೆ, ಆಚೆ ಕಡೆಯಿಂದ ಊರು ಸೇರೋಣ. ಹರಕೆಯ ಮಾತು ಎಂದು ನೀನು ಬೈಯುತ್ತೀಯ. ಬೈಸಿಕೊಳ್ಳುತ್ತೇನೆ. ಆ ಹೆಸರಿನ ಮುಂದೆ ನೀನು ಕೂಸು ಎತ್ತಿಕೊಂಡು ನಿಲ್ಲುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಮಧುವಿಗೆ ಏನೂ ಹೇಳಬೇಡ, ಹಿಟ್ಟು ಚೆನ್ನಾಗಿದೆ ಎಂದಷ್ಟೇ ಹೇಳು. ರೇವಂತನಿಗೆ ನನ್ನ ನೆನಪು ತಿಳಿಸು. ಮಂಡಿಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿನ್ನ ಮಗ,
ಚಂದ್ರು

ತಾ.ಕ.: ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಪಿತೃಪಕ್ಷದ ಅಮಾವಾಸ್ಯೆಗೆ ನಾನು ಕಲ್ಲಿನ ಬಳಿ ಹೋಗಲಿಲ್ಲ ಎಂದೆನಲ್ಲ. ಆ ದಿನ ಕಲ್ಲೇ ನನ್ನ ಅಂಗಡಿಯಲ್ಲಿತ್ತು. ಆ ಹೆಸರು ಕೆತ್ತಿದ್ದು ನಾನು. ಪಾಲಿಶ್ ಆಗಿ ಬಂದ ಕಲ್ಲನ್ನು ನಾವು ಮಗುಚಿ ನೋಡುವುದಿಲ್ಲ, ಅಂಚು ಒಡೆಯುತ್ತದೆ ಎಂದು ಹಾಗೇ ಮೇಲ್ಮುಖದಲ್ಲಿ ಕೆಲಸ ಮಾಡುತ್ತೇವೆ. ಯಾವುದೋ ಹಳೆಯ ಕಲ್ಲು, ಮೊದಲೇ ಸವೆದು ನುಣುಪಾಗಿತ್ತು, ಅರ್ಧ ಕೆಲಸ ಉಳಿಯಿತು ಎಂದು ಪಾಲಿಶಿನವನು ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ಈಗ ಟಾರು ತೆಗೆದು ಅಕ್ಷರಕ್ಕೆ ಮತ್ತೆ ಬಂಗಾರದ ಬಣ್ಣ ತುಂಬಲು ಸೋಮವಾರ ಆ ಅಧಿಕಾರಿಗಳು ನನ್ನನ್ನೇ ಕರೆದಿದ್ದಾರೆ, ಆ ಕಲ್ಲು ಮುಟ್ಟಲು ಅಪ್ಪಣೆ ಇರುವುದು ನನಗೊಬ್ಬನಿಗೇ. ಹೋಗಲೋ ಬೇಡವೋ ನೀನೇ ಹೇಳು. ಅವತ್ತು ಬಣ್ಣ ಎಷ್ಟು ಬಳಿದರೂ ಹಿಡಿಯುತ್ತಿರಲಿಲ್ಲ, ಕಲ್ಲು ಒಳಗೆಲ್ಲ ಎಣ್ಣೆ ಕುಡಿದಿತ್ತು. ಯಾರೋ ಕೊಳಕರು ಎಂದು ಬೈದುಕೊಂಡು ಥಿನ್ನರ್ ಸುರಿದು ಮೂರು ಸಲ ತಿಕ್ಕಿ ಒರೆಸಿದೆ. ಅದು ನೀನು ಹಚ್ಚಿದ ಎಣ್ಣೆ, ಅಮ್ಮಾ.